ಓಗೊಟ್ಟ ಮಡು

"ಓ... ಬಂದೆ! ಮತ್ತೆ ಶುರುವಾಯ್ತು, ಒಂದು ಸೀರೆ ಹಿಂಡೋಕೂ ಬಿಡಲ್ಲ!" ಮಾರಗುಂದಿಯ ಹಳ್ಳದಲ್ಲಿ ಬಟ್ಟೆ ಒಗೆಯುವ ಹೆಂಗಸರು ಇಂದಿಗೂ ಹೀಗೆ ಗೊಣಗುತ್ತಾರೆ. ಆದರೆ ಯಾರೇ ಕರೆದರೂ ಗೊಣಗುವ ಮೊದಲು 'ಓ' ಎಂದೇ ತೀರಬೇಕು, ಅದು ಅಲ್ಲಿನ ಕಟ್ಟಳೆ. ಹೊಂಗೆಮರದ ಕೆಳಗಿನ ಆ ನೀರಿಗೆ ಓಗೊಟ್ಟ ಮಡು ಎಂದು ಹೆಸರು. ಕಿರುಬೆರಳಿಗಿಂತ ಸಣ್ಣ ಸಸಲು ಮೀನುಗಳು ಅಲ್ಲಿ ಹಿಂಡುಗಟ್ಟಿ, ಒಂದು ಗಳಿಗೆಯೂ ನಿಲ್ಲದೆ ಸುತ್ತುತ್ತಿರುತ್ತವೆ. ಯಾರೂ ಹಿಡಿಯುವುದಿಲ್ಲ.

ಹಿಂದೆಲ್ಲ ಹಿಡಿಯುತ್ತಿದ್ದರಂತೆ, ಹಳೆಯ ಸೀರೆಯಿಂದ. ಒಂದು ಅಂಚನ್ನು ದಡದ ಬೇರಿಗೆ ಕಟ್ಟಿ, ಇನ್ನೊಂದನ್ನು ಹಿಡಿದು, ಸೀರೆಯನ್ನು ನೀರೊಳಗೆ ಹರಡಿ, ಮೊಣಕಾಲುದ್ದ ನೀರಿನಲ್ಲಿ ಅಲುಗದೆ ನಿಲ್ಲಬೇಕು. ಕಾಲನ್ನು ಕಲ್ಲೆಂದು ನಂಬಿ ಮೀನು ಕಚ್ಚಲು ಬಂದಾಗ ಸರಕ್ಕನೆ ಎತ್ತಬೇಕು. ಮುದ್ದೀರಿ ಎಂಬ ಸೊಸೆ ಒಂದು ದಿನ ಹಾಗೆ ನಿಂತಿದ್ದಳು. ಜ್ವರದಿಂದ ಎದ್ದ ಮಗಳು ಚೆನ್ನಾಜಿ ಮೀನಿನ ಸಾರಿಲ್ಲದೆ ತುತ್ತು ಮುಟ್ಟುತ್ತಿರಲಿಲ್ಲ. ಮಗುವನ್ನು ಬಂಡೆಯ ಮೇಲೆ ಕೂರಿಸಿದ್ದಳು. ಮೀನು ಹತ್ತಿರ ಬರುವಷ್ಟರಲ್ಲಿ ಮನೆಯ ಕಡೆಯಿಂದ ಅತ್ತೆಯ ಕೂಗು: "ಅಮ್ಮೀ, ಒಲೆ ಆರ್ತಾ ಅದೆ!"

"ಒಲೆ ಮುಂದೆ ಕೂತಿರೋರು ನೀವು, ಊದೋಕೂ ನಾನೇ ಬರ್ಬೇಕಾ?" ಎಂದಳು. ಮೀನು ಚದುರಿತು. ಮತ್ತೆ ಬಂದಾಗ ಗಂಡನ ಕೂಗು: "ನನ್ನ ವಲ್ಲಿ ಎಲ್ಲಮ್ಮಿ?"

"ನಿನ್ನ ಹೆಗಲ ಮೇಲೆ ನೋಡ್ಕೊ!" ಮೀನು ಮತ್ತೆ ಚದುರಿತು. ಇನ್ನು ಸಾಕ್ಷಾತ್ ದೇವರೇ ಕರೆದರೂ ಓಗೊಡುವುದಿಲ್ಲವೆಂದು ಮುದ್ದೀರಿ ಹಲ್ಲು ಕಚ್ಚಿ ನಿಂತಳು. ಹಿಂಡು ಬಂತು, ಸೀರೆಯ ಮೇಲೆ ತುಂಬಿಕೊಂಡಿತು. ಆಗ ಹಿಂದಿನಿಂದ "ಅವ್ವಾ" ಎಂಬ ಕೂಗು. ಅವಳು ತಿರುಗಲಿಲ್ಲ. ಮರುಕ್ಷಣವೇ ಹಿಂಡು ಕಾಲು ಬಿಟ್ಟು ಚಿಮ್ಮಿತು. ಬೈಯಲು ತಿರುಗಿದರೆ ಬಂಡೆ ಬರಿದು.

ಮಡು ಕಲಕಿ ಕೆಸರಾಗಿತ್ತು. ಆಳದ ಕಡೆ ಮಾತ್ರ ಮೀನು ಕಪ್ಪಗೆ ಕೂಡಿತ್ತು. ಅದರ ನಡುವೆ ಒಂದು ದುಂಡನೆಯ ಬಯಲು, ಸುತ್ತ ಮೀನುಗಳ ಓಟ. ಬಿದ್ದದ್ದು ಏನೇ ಇರಲಿ, ಹಿಂಡು ಅದಕ್ಕೆ ಜಾಗ ಬಿಟ್ಟು ಸುತ್ತುತ್ತದೆಂದು ಅವಳಿಗೆ ಗೊತ್ತಿತ್ತು. ಸೀರೆ ಬಿಟ್ಟು ಆ ಬಯಲಿಗೇ ಧುಮುಕಿದಳು. ಕೈಗೆ ಮಗಳ ಜುಟ್ಟು ಸಿಕ್ಕಿತು.

ಹೆತ್ತವಳು ಓಗೊಡದ ಕೂಗಿಗೆ ಮಡು ಓಗೊಟ್ಟಿತು ಎನ್ನುತ್ತಾರೆ. ಈಗಲೂ ನೋಡಬಂದವರು ಒಂದು ಹರಳು ಹಾಕಿದರೆ ಹಿಂಡು ಬಿರಿದು, ಅಲ್ಲೇ ಚಡಪಡಿಸಿ ಸುತ್ತಿ, ಮತ್ತೆ ಕೂಡುತ್ತದೆ. ಎಲ್ಲರಿಗೂ ಬಾಯಿಗೆ ಬಾಯಿ ಕೊಡುತ್ತಿದ್ದ ಮುದ್ದೀರಿ ಅಂದು ಸೀರೆಯನ್ನೂ ನೀರಲ್ಲೇ ಬಿಟ್ಟು, ಮಗಳನ್ನು ಹೊತ್ತು ಮನೆಯ ದಾರಿ ಹಿಡಿದಳಂತೆ. ಹೆಗಲ ಮೇಲೆ ನೀರು ಕಾರುತ್ತಿದ್ದ ಚೆನ್ನಾಜಿ ಕೇಳಿದಳು: "ಮೀನಿಗೆ ಕೇಳಿಸ್ತಲ್ಲವ್ವಾ, ನಿಂಗ್ಯಾಕೆ ಕೇಳಿಸ್ಲಿಲ್ಲ?"