ಕಸಬರಿಗೆ ಕಡ್ಡಿಯ ಕಣ್ಣು

ತುಂಗಭದ್ರೆಯ ದಂಡೆಯಲ್ಲಿ ಮೌನಪ್ಪ ಅಂತ ಒಬ್ಬ ಗುರು ಇದ್ದ. ಹೆಸರಿಗಷ್ಟೇ ಮೌನ. ಊರಿನ ಸುದ್ದಿ, ಹೊಳೆಯ ಸುದ್ದಿ, ಯಾರ ಎಮ್ಮೆ ಎಷ್ಟು ಹಾಲು ಕೊಟ್ಟಿತು ಅನ್ನುವ ಸುದ್ದಿ, ಎಲ್ಲವೂ ಅವನ ಬಾಯಲ್ಲಿ. ಆದರೆ ಶಿಷ್ಯರು ವಿದ್ಯೆಯ ಮಾತು ಕೇಳಿದರೆ ಮಾತ್ರ ಬಾಯಿ ಮುಚ್ಚುತ್ತಿತ್ತು, ಕೈ ಏನಾದರೂ ಮಾಡುತ್ತಿತ್ತು.

ಅವನ ಆಶ್ರಮದಲ್ಲಿ ಜಪ ಇಲ್ಲ, ತಪ ಇಲ್ಲ. ಹಗುರ ಕಟ್ಟಿಗೆ ತಂದು ಬೊಂಬೆ ಕೆತ್ತುವುದೇ ಅಲ್ಲಿನ ಪೂಜೆ.

ಅಲ್ಲಿ ಒಂದು ಪದ್ಧತಿ ಇತ್ತು. ಕಣ್ಣು ಕಡೆಗೆ. ಕೈಕಾಲು, ಸೀರೆ, ಮೂಗುತಿ ಎಲ್ಲ ಮುಗಿದ ಮೇಲೆ ಕಣ್ಣು. ಕಣ್ಣಿಡುವ ತನಕ ಅದು ಕಟ್ಟಿಗೆ, ಇಟ್ಟ ಮೇಲೆ ಕೂಸು. ಕಟ್ಟಿಗೆಯನ್ನು ಗೂಡಿನಲ್ಲಿ ಗೋಡೆಗೆ ಮುಖ ಮಾಡಿ ಇಡಬೇಕು, ಕೂಸನ್ನು ಮನೆಯವರ ಕಡೆ ತಿರುಗಿಸಿ ಇಡಬೇಕು.

ಇನ್ನು ಕಣ್ಣು ಬರೆಯುವ ಕುಂಚ. ಅದು ಗುರು ಕೂರುವ ಜಾಗದ ಮೇಲಿನ ಗೂಟಕ್ಕೆ ನೇತಾಡುತ್ತಿತ್ತು. ಅವನ ಹೊರತು ಯಾರೂ ಮುಟ್ಟುವ ಹಾಗಿಲ್ಲ. ಅವನು ಅದನ್ನು ಯಾರ ಕೈಗೆ ಕೊಡುತ್ತಾನೋ ಅವರು ಅಂದಿನಿಂದ ಬೊಂಬೆಗಾರರು.

ಶಿಷ್ಯೆ ಸಾಂತವ್ವನಿಗೆ ಆ ಕುಂಚ ಬೇಕಾಗಿತ್ತು. ಹಸಿದವರಿಗೆ ರೊಟ್ಟಿ ಬೇಕಾದ ಹಾಗೆ ಬೇಕಾಗಿತ್ತು. ಕೆತ್ತುವುದು ಕಲಿತಿದ್ದಳು, ಅರಗು ಕಾಸುವುದು ಕಲಿತಿದ್ದಳು, ಬೆರಳ ತುದಿಯಷ್ಟು ಬೊಂಬೆಗೂ ಕಾಲುಂಗುರ ಬರೆಯುತ್ತಿದ್ದಳು. ಕಣ್ಣಿನ ಮಾತು ಎತ್ತಿದರೆ ಮಾತ್ರ ಗುರು, "ಆತುರಗಾರನಿಗೆ ಬುದ್ಧಿ ಮಟ್ಟ," ಅಂತ ಅಂದು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ.

ಒಂದು ದಿನ ಪಟ್ಟಣದ ಹೆಂಗಸೊಬ್ಬಳು ಮಗಳ ಜೊತೆ ಆಶ್ರಮ ನೋಡಲು ಬಂದಳು. ಮಗಳ ಕೈಯಲ್ಲಿ ಒಂದು ಬೊಂಬೆ. ಮಲಗಿಸಿದರೆ ಕಣ್ಣು ಮುಚ್ಚುತ್ತದೆ, ಎಬ್ಬಿಸಿದರೆ ತೆರೆಯುತ್ತದೆ. ಸಾಂತವ್ವ ಅದನ್ನು ಇಸಿದುಕೊಂಡು ಮಲಗಿಸಿದಳು, ಎಬ್ಬಿಸಿದಳು, ಮಲಗಿಸಿದಳು, ಎಬ್ಬಿಸಿದಳು. ಕೊನೆಗೆ ಆ ಹುಡುಗಿ ಅಳುವುದಕ್ಕೆ ಶುರು ಮಾಡಿತು. ಆಗ ಬೊಂಬೆ ವಾಪಸ್ಸು ಕೊಟ್ಟಳು.

ಹೊಳೆಯಲ್ಲಿ ಬಟ್ಟೆ ಒಗೆಯುವ ಹನುಮವ್ವನ ಮಗಳು ದುರುಗಿಯೂ ಅಲ್ಲೇ ಇತ್ತು. ಐದು ವರ್ಷದ ಕೂಸು. ಅದೂ ಕೈ ಚಾಚಿತು. ಪಟ್ಟಣದ ಹೆಂಗಸು ಬೊಂಬೆಯನ್ನು ಮೇಲಕ್ಕೆತ್ತಿ, "ಮುಟ್ಟಬ್ಯಾಡವ್ವಾ, ತುಟ್ಟಿದು," ಅಂದಳು. ದುರುಗಿ ಚಾಚಿದ ಕೈಯನ್ನು ಹಾಗೇ ಲಂಗಕ್ಕೆ ಒರೆಸಿಕೊಂಡಿತು.

ಸಾಂತವ್ವ ಅದನ್ನು ಕಂಡಳು. ಸಿಟ್ಟಿನ ಜೊತೆಗೇ ಒಂದು ಹುಚ್ಚು ಹುರುಪೂ ಹತ್ತಿಕೊಂಡಿತು. ನೆಟ್ಟಗೆ ಗುರುವಿನ ಮುಂದೆ ಹೋಗಿ ನಿಂತಳು.

"ಅಜ್ಜಾರ, ನಾನು ಅಲ್ಲಾಡೋ ಕಣ್ಣು ಮಾಡ್ತೀನ್ರಿ."

"ಅದು ಆಗ್ಲೇ ಬಂದೈತಲ್ಲ."

"ಅದು ತುಟ್ಟಿದ್ರಿ. ನಾನು ಅಗ್ಗದ್ದು ಮಾಡ್ತೀನಿ. ದುರುಗಿ ಕೈಗೂ ಸಿಗುವಂಥಾದ್ದು."

ಮೌನಪ್ಪ ಉಳಿ ಕೆಳಗಿಟ್ಟ. "ಮಾಡಿದ್ರ?"

"ಮಾಡಿದ್ರ ಕುಂಚ ಕೊಡ್ರಿ."

"ಆತು. ಮಾಡಲಿಲ್ಲ ಅಂದ್ರ?"

ಹಿಂದೆ ಮುಂದೆ ನೋಡದೆ ಸಾಂತವ್ವ ಅಂದೇಬಿಟ್ಟಳು. "ಮಾಡಲಿಲ್ಲ ಅಂದ್ರ ಇನ್ನ ಎಂದೂ ಕುಂಚ ಕೇಳೂದಿಲ್ಲ."

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಗುರು ತಲೆ ಆಡಿಸಿ ಮತ್ತೆ ಉಳಿ ಹಿಡಿದ.

ಸಾಂತವ್ವನ ಕಾಲು ನೆಲಕ್ಕೆ ಹತ್ತಲಿಲ್ಲ. ಬೇಲಿ ಬೇಲಿ ತಿರುಗಿದಳು. ಬೇಲಿಯ ಬಳ್ಳಿಯಲ್ಲಿ ಗುಲಗಂಜಿ ಒಡೆದು ನಿಂತಿತ್ತು. ಕೆಂಪು ಮೈ, ಕರೀ ಚುಕ್ಕೆ. ದೇವರೇ ಮಾಡಿಟ್ಟ ಕಣ್ಣು, ಬಿಟ್ಟಿ ಬೇರೆ. ಬೊಂಬೆಯ ಮುಖದಲ್ಲಿ ಎರಡು ತೂತು ಕೊರೆದು ಒಂದೊಂದು ಕಾಳು ಹಾಕಿದಳು. ಮೇಲೆ ಪೆಪ್ಪರಮೆಂಟಿನ ತಿಳಿ ಕಾಗದ ಅಂಟಿಸಿದಳು. ಅಲುಗಿಸಿದರೆ ಕಣ್ಣು ಗಿರಗಿರ ತಿರುಗಿತು.

ಓಡಿಬಂದು ಗುರುವಿಗೆ ಕೊಟ್ಟಳು. ಅವಳ ಮುಖ ಅರಳಿತ್ತು.

ಮೌನಪ್ಪ ಉಗುರಿನಿಂದ ಕಾಗದ ಕಿತ್ತ. ಅಷ್ಟು ಸಲೀಸಾಗಿ ಕಿತ್ತುಬಂತು. ಒಂದು ಕಾಳು ತೆಗೆದು ಅವಳ ಮುಂದೆ ಹಿಡಿದ.

"ಬಾಯಾಗ ಹಾಕ್ಕೊ. ಕಡಿ."

ಸಾಂತವ್ವ ಹಿಂದಕ್ಕೆ ಸರಿದಳು. "ವಿಷ ಅಲ್ಲೇನ್ರಿ ಅದು."

"ನಿನಗ ಗೊತ್ತೈತಿ ಅಂತ ಬಾಯಿ ಮುಚ್ಚಿದಿ. ಹಾಲುಹಲ್ಲಿನ ಕೂಸಿಗೆ ಯಾರು ಹೇಳ್ಬೇಕು?"

ಅವಳಿಗೆ ನಾಚಿಕೆಯಾಯಿತು. ಎಲ್ಲ ಕಾಳನ್ನೂ ಆರಿಸಿ ಒಲೆಗೆ ಹಾಕಿದಳು. ಆದರೆ ಹುರುಪು ಒಲೆಗೆ ಬೀಳಲಿಲ್ಲ. ಮರುದಿನ ಬೆಳಿಗ್ಗೆಯೇ ಹೊಸ ಬೊಂಬೆಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

ಈ ಸಲ ಅಂಟುವಾಳದ ಬೀಜ. ತಲೆ ತೊಳೆದು ಬಿಸಾಕಿದ್ದು, ಗುಂಡಗೆ, ಕರ್ರಗೆ, ಕಲ್ಲಿನಷ್ಟು ಗಟ್ಟಿ. ಬೊಂಬೆಯ ಮುಖದಲ್ಲಿ ಎರಡು ಆಳವಾದ ಬಟ್ಟಲು ಕೊರೆದಳು. ಬೀಜದ ಒಂದು ಮಗ್ಗುಲಿಗೆ ಮೈಬಣ್ಣ ಬಳಿದಳು, ಅದು ರೆಪ್ಪೆ. ಎರಡೂ ಬೀಜಕ್ಕೆ ಒಂದೇ ತಂತಿ ಪೋಣಿಸಿ, ಹಿಂದಿನಿಂದ ಟೊಳ್ಳು ಮಾಡಿದ ತಲೆಯೊಳಗೆ ತಂತಿಯ ನಡುವಿಗೆ ಮಣ್ಣಿನ ಉಂಡೆಯೊಂದನ್ನು ಜೋತುಬಿಟ್ಟಳು. ಬೊಂಬೆ ಮಲಗಿದರೆ ಉಂಡೆ ತೂಗುತ್ತದೆ, ಬೀಜ ಹೊರಳುತ್ತದೆ, ರೆಪ್ಪೆ ಮುಂದೆ ಬರುತ್ತದೆ.

ಬಂತು. ಮಲಗಿಸಿದಳು, ಕಣ್ಣು ಮುಚ್ಚಿತು. ಎಬ್ಬಿಸಿದಳು, ತೆರೆಯಿತು. ಸಾಂತವ್ವ ಆ ಬೊಂಬೆಯನ್ನು ಆಕಳಿಗೆ ತೋರಿಸಿದಳು, ನಾಯಿಗೆ ತೋರಿಸಿದಳು, ಅಡಿಗೆ ಮನೆಯ ಒಲೆಗೂ ತೋರಿಸಿದಳು. ಆಮೇಲೆ ಗುರುವಿಗೆ.

ಮೌನಪ್ಪ ಮಲಗಿಸಿ ನೋಡಿದ, ಎಬ್ಬಿಸಿ ನೋಡಿದ. ಅವನ ಮೀಸೆಯಡಿ ನಗೆ ಬಂದದ್ದನ್ನು ಅವಳು ಕಂಡಳು.

"ಕುಂಚ ಕೊಡ್ತೀರೇನ್ರಿ?"

"ನಾನ್ಯಾರವಾ ಕೊಡಾಕ? ಬೊಂಬಿ ಆಡೋದು ನಾನಲ್ಲ. ದುರುಗಿ ಕೈಯಾಗ ಕೊಟ್ಟು ಬಾ."

ಕೊಟ್ಟಳು. ದುರುಗಿ ಇಡೀ ದಿನ ಒಗೆಯುವ ಕಲ್ಲಿನ ಮೇಲೆ ಬೊಂಬೆಯನ್ನು ಮಲಗಿಸಿತು, ಎಬ್ಬಿಸಿತು, ಮೀಯಿಸಿತು. ಬಿಸಿಲು ಇಳಿಯುವ ಹೊತ್ತಿಗೆ ತಂದು ವಾಪಸ್ಸು ಕೊಟ್ಟಿತು. ಒಳಗಿನ ಹಸಿಮಣ್ಣು ನೀರು ಕುಡಿದು ಕರಗಿಹೋಗಿತ್ತು. ಬೊಂಬೆ ಹೆಂಡ ಕುಡಿದವನ ಹಾಗೆ ಎರಡೂ ಕಣ್ಣು ಅರೆ ಮುಚ್ಚಿ ಕೂತಿತ್ತು.

ಅದಾದರೆ ಆಗಲಿ, ಮಣ್ಣು ಸುಟ್ಟರಾಯಿತು ಅಂತ ಸಾಂತವ್ವ ಅಂದುಕೊಳ್ಳುತ್ತಿದ್ದಳು. ಅಷ್ಟರಲ್ಲಿ ದುರುಗಿ ಬಾಯಿಬಿಟ್ಟಿತು.

"ಅಕ್ಕಾ, ಇದು ಮಕ್ಕೊಂತೈತಿ, ಏಳ್ತೈತಿ. ಆದ್ರ ನನ್ನ ನೋಡವಲ್ದು."

"ಕಣ್ಣು ತೆರೀತೈತಲ್ಲ ಹುಚ್ಚೀ."

"ತೆರೀತೈತಿ. ನೋಡವಲ್ದು."

ಸಾಂತವ್ವ ಗುರುವಿನ ಕಡೆ ತಿರುಗಿದಳು. ಅವನು ಪಂಚೆ ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ಹೊರಟಿದ್ದ.

"ನನ್ನ ಮುಖ ಏನು ನೋಡ್ತೀ? ತಕರಾರು ಆಕಿದು," ಅಂತ ಅಂದು ಹೊಳೆಗೆ ಇಳಿದ. ದುರುಗಿಯೂ ಅವ್ವನನ್ನು ಕರೆಯುತ್ತಾ ಅವನ ಹಿಂದೆಯೇ ಹೋಯಿತು.

ಸಾಂತವ್ವನಿಗೆ ಸಿಟ್ಟು ನೆತ್ತಿಗೇರಿತು. ಇಕ್ಕಳ ತಗೊಂಡು ತಂತಿ, ಬೀಜ, ಕೆಸರು ಎಲ್ಲ ಕಿತ್ತು ಹಾಕಿದಳು. ಕಿತ್ತ ಮೇಲೆ ಪದ್ಧತಿ ನೆನಪಾಯಿತು.

ಕಣ್ಣಿಟ್ಟ ಮೇಲೆ ಅದು ಕಟ್ಟಿಗೆಯಲ್ಲ, ಕೂಸು. ಕೂಸಿನ ಕಣ್ಣು ಹೋದರೆ ದೀಪ ಹಚ್ಚುವುದರೊಳಗೆ ಮತ್ತೆ ಇಡಬೇಕು, ಕುರುಡು ಕೂಸನ್ನು ದೀಪದ ಮುಂದೆ ಕೂರಿಸಬಾರದು. ಅದು ಆ ಮನೆಯ ಕಟ್ಟಳೆ. ಹೊರಗೆ ಹೊತ್ತು ಮುಳುಗುತ್ತಿತ್ತು. ಗುರು ಹೊಳೆಯಲ್ಲಿದ್ದಾನೆ. ತಂತಿ ಮುರಿದಿದೆ, ಬೀಜ ಸೀಳಿದೆ.

ಕುಂಚ ಗೂಟಕ್ಕೆ ನೇತಾಡುತ್ತಿತ್ತು. ಅವಳು ಅದರ ಕಡೆ ನೋಡಿದಳು, ಆದರೆ ಮುಟ್ಟಲಿಲ್ಲ.

ಎಲೆಡಬ್ಬಿಯಿಂದ ಸುಣ್ಣ ತೆಗೆದು ಆ ಎರಡು ಬಟ್ಟಲುಗಳ ಒಳಗೆಲ್ಲ ಬಳಿದಳು. ಮೂಲೆಯ ಕಸಬರಿಗೆಯಿಂದ ಒಂದು ಕಡ್ಡಿ ಎಳೆದಳು. ದೀಪದ ಬಾಯಿಗೆ ಹತ್ತಿದ್ದ ಎಣ್ಣೆಯ ಕಾಡಿಗೆಯಲ್ಲಿ ಕಡ್ಡಿ ಅದ್ದಿ, ಬಟ್ಟಲಿನ ತಳದಲ್ಲಿ ಒಂದೊಂದು ದಪ್ಪ ಚುಕ್ಕೆ ಇಟ್ಟಳು. "ತಪ್ಪಾತು ತಾಯಿ, ಸದ್ಯಕ್ಕ ಇಷ್ಟ ಐತಿ, ಹೊಟ್ಟ್ಯಾಗ ಹಾಕ್ಕೊ," ಅಂತ ಬೊಂಬೆಗೆ ಕೈಮುಗಿದು ಗೂಡಿನಲ್ಲಿ ಕೂರಿಸಿದಳು. ದೀಪ ಹಚ್ಚಿದಳು.

ಕೊಡ ತರಲು ಎದ್ದು ಬಲಕ್ಕೆ ನಾಲ್ಕು ಹೆಜ್ಜೆ ಹೋದಳು. ಬೊಂಬೆ ಅವಳನ್ನೇ ನೋಡುತ್ತಿತ್ತು.

ನಿಂತಳು. ಎಡಕ್ಕೆ ಬಂದಳು. ಬೊಂಬೆ ಎಡಕ್ಕೆ ನೋಡಿತು.

ಸಾಂತವ್ವನ ಮೈ ಜುಂ ಅಂದಿತು. ಅವ್ವಾ ಕಾಳಮ್ಮಾ, ಬೊಂಬೆಯ ಮೈಮೇಲೆ ಬಂದೆಯೋ ಹೇಗೆ ಅಂತ ಹೆದರಿ ಹಿಂದೆ ಸರಿದಳು. ಕೂತಳು, ಅದು ಕೂತವಳನ್ನು ನೋಡಿತು. ಬಾಗಿಲ ಹೊರಗೆ ಹೋಗಿ ಮೆಲ್ಲಗೆ ಇಣುಕಿದಳು, ಅದು ಅವಳಿಗಾಗಿಯೇ ಕಾದಿದ್ದ ಹಾಗೆ ಬಾಗಿಲನ್ನೇ ನೋಡುತ್ತಿತ್ತು.

ಹೆದರಿಕೆ ಇಳಿಯಲಿ ಅಂತ ಹತ್ತಿರ ಹೋಗಿ ಬೆರಳಿಟ್ಟು ನೋಡಿದಳು. ಚುಕ್ಕೆ ಇಟ್ಟಲ್ಲೇ ಇತ್ತು. ಹಸಿ ಕಾಡಿಗೆ ಬೆರಳಿಗೆ ಹತ್ತಿತು. ಚುಕ್ಕೆ ಎಲ್ಲೂ ಹೋಗಿಲ್ಲ. ಹಾಗಾದರೆ?

ತಗ್ಗು. ಉಬ್ಬಿದ ಕಣ್ಣು ಒಂದೇ ಕಡೆ ನೋಡುತ್ತದೆ. ತಗ್ಗಿನ ತಳದಲ್ಲಿ ಚುಕ್ಕೆ ಇಟ್ಟರೆ ಅದು ನಾವು ಹೋದ ಕಡೆಗೆಲ್ಲ ಬರುತ್ತದೆ. ಎಷ್ಟು ವರ್ಷದಿಂದ ಎಲ್ಲರೂ ಕಣ್ಣನ್ನು ಹೊರಗೆ ಉಬ್ಬಿಸುತ್ತಾ ಕೂತಿದ್ದರು. ಅವಳಿಗೆ ನಗು ಬಂತು, ಅಳು ಬಂತು, ಎರಡೂ ಕೂಡಿಯೇ ಬಂದವು. ಸೀರೆ ಎತ್ತಿ ಕಟ್ಟಿ ಹೊಳೆಗೆ ಓಡಿದಳು.

ಮೌನಪ್ಪ ಎದೆಮಟ್ಟ ನೀರಿನಲ್ಲಿ ನಿಂತಿದ್ದ.

"ಅಜ್ಜಾರ, ಬರ್ರಿ. ನೋಡಾಕತ್ತೈತಿ."

"ಯಾರು ನೋಡಾಕತ್ತಾರ?"

"ಬೊಂಬಿರಿ. ಬರ್ರಿ ಲಗೂನ."

"ಪಂಚೆ ಆದ್ರೂ ಸುತ್ತಿಕೊಳ್ಳಾಕ ಬಿಡವಾ."

ನೀರು ಸೋರುತ್ತಾ ಗುರು ಬಂದ. ದಂಡೆಯ ಮೇಲೆ ಆಡುತ್ತಿದ್ದ ದುರುಗಿಯೂ ಓಡಿಬಂತು. ಸಾಂತವ್ವ ದೀಪದ ಕುಡಿ ಸ್ವಲ್ಪ ಮುಂದಕ್ಕೆ ಮಾಡಿದಳು.

ಗುರು ಒಂದು ಹೆಜ್ಜೆ ಆ ಕಡೆ ಇಟ್ಟ. ಒಂದು ಹೆಜ್ಜೆ ಈ ಕಡೆ ಇಟ್ಟ. ಅವನ ಬಾಯಿ ತೆರೆದಿತ್ತು, ಮಾತು ಬರಲಿಲ್ಲ. ಸಾಂತವ್ವ ಆ ಬಾಯಿ ಮಾತಿಲ್ಲದೆ ತೆರೆದಿದ್ದನ್ನು ಕಂಡದ್ದು ಅದೇ ಮೊದಲು.

"ನನ್ನ ನೋಡಾಕತ್ತೈತಿ," ಅಂದ.

"ಇಲ್ಲಜ್ಜಾ, ನನ್ನ," ಅಂದಿತು ದುರುಗಿ, ಇನ್ನೊಂದು ಮೂಲೆಯಿಂದ.

"ನನ್ನ ಕಡೆ ಐತಲ್ಲ ಹುಡುಗೀ ಅದರ ಕಣ್ಣು."

"ನಿನಗ ಕಾಣಂಗಿಲ್ಲಜ್ಜಾ. ನನ್ನ ನೋಡಾಕತ್ತೈತಿ."

ಮುದುಕ ನೆಲಕ್ಕೆ ಮೊಣಕಾಲೂರಿದ. ಕಂಬದ ಹಿಂದೆ ಅಡಗಿ ತಲೆ ಚಾಚಿದ. ದುರುಗಿ ಕೇಕೆ ಹಾಕಿ ಈಚೆಯ ಕಂಬದ ಹಿಂದೆ ಅಡಗಿತು. ಇಬ್ಬರೂ ಬೊಂಬೆಯ ಕಣ್ಣಿಗೆ ಸಿಗದ ಹಾಗೆ ಮನೆಯೆಲ್ಲ ಸುತ್ತಿದರು. ಹಸಿ ಪಂಚೆಯ ನೀರು ನೆಲದ ತುಂಬ ಆಯಿತು. ಎಲ್ಲಿ ಹೋದರೂ ಅದು ಬಿಡಲಿಲ್ಲ.

ಕೊನೆಗೆ ಗುರು ಏದುಸಿರು ಬಿಡುತ್ತಾ ಗೂಡಿನ ಮುಂದೆ ನಿಂತು ಹಾಲುಹಲ್ಲಿನ ಕೂಸಿನ ಹಾಗೆ ನಾಲಿಗೆ ಹೊರಗೆ ಹಾಕಿದ. ಬೊಂಬೆಯ ಕಣ್ಣಿಗೆ ತಾಗಿಸಲು ನೋಡಿದ. ಬಟ್ಟಲಿನ ತಳ ಮುಟ್ಟಲಿಲ್ಲ.

"ಬಾಯಾಗ ಹಾಕ್ಕೊಂಡ್ರೂ ಚುಕ್ಕಿ ನಾಲಿಗಿಗೆ ಸಿಗೂದಿಲ್ರಿ," ಅಂದಳು ಸಾಂತವ್ವ. "ಮ್ಯಾಲೊಂದು ಅರಗಿನ ಪದರ ಎಳದ್ರ ನೀರೂ ಮುಟ್ಟೂದಿಲ್ಲ."

"ಖರ್ಚು?"

"ಚೂರು ಸುಣ್ಣ. ದೀಪದ ಕಾಡಿಗಿ. ಒಂದು ಕಸಬರಿಗಿ ಕಡ್ಡಿ."

ಇದನ್ನು ಕೇಳುತ್ತಾ ನಿಲ್ಲಲು ದುರುಗಿಗೆ ಪುರಸೊತ್ತಿರಲಿಲ್ಲ. ಕಾಲ್ಬೆರಳ ತುದಿಯ ಮೇಲೆ ನಿಂತು ಬೊಂಬೆಯನ್ನು ಇಳಿಸಿಕೊಂಡಿತು. ತುಟ್ಟಿದೋ ಅಗ್ಗದ್ದೋ ಅಂತ ಕೇಳಲಿಲ್ಲ, ಮುಟ್ಟಲೋ ಬೇಡವೋ ಅಂತಲೂ ಕೇಳಲಿಲ್ಲ. ಎದೆಗವಚಿಕೊಂಡು, "ಅವ್ವಾ, ಇದು ನನ್ನ ನೋಡ್ತೈತಿ," ಅಂತ ಕೂಗುತ್ತಾ ಹೊಳೆಯ ಕಡೆ ಓಡಿತು.

ಮನೆಯಲ್ಲಿ ಗುರು, ಶಿಷ್ಯೆ ಇಬ್ಬರೇ ಉಳಿದರು.

ಮೌನಪ್ಪ ಕೈ ಮೇಲೆತ್ತಿ ಗೂಟದಿಂದ ಕುಂಚ ತೆಗೆದ. ಆ ಗಳಿಗೆಗಾಗಿ ಸಾಂತವ್ವ ಎಷ್ಟು ಕಾದಿದ್ದಳು. ಕೈ ಚಾಚಿದರೆ ಸಾಕಿತ್ತು.

ಆದರೆ ಒಳಗೆ ಒಂದು ಮಾತು ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಅವಳು ಕೈ ಹಿಂದಕ್ಕೆ ಕಟ್ಟಿಕೊಂಡಳು.

"ಬ್ಯಾಡ್ರಿ ಅಜ್ಜಾರ. ನಾನು ಸೋತೆ."

"ಯಾಕವಾ?"

"ಅಲ್ಲಾಡೋ ಕಣ್ಣು ಮಾಡ್ತೀನಿ ಅಂದಿದ್ದೆ. ಇದು ಅಲ್ಲಾಡೂದಿಲ್ಲ. ಚುಕ್ಕಿ ಇಟ್ಟಲ್ಲೇ ಐತಿ, ಬೆರಳು ಇಟ್ಟು ನೋಡೇನಿ. ಮತ್ತ ಇದು ನಾ ಬೇಕಂತ ಮಾಡಿದ್ದೂ ಅಲ್ಲ. ಸಿಟ್ಟಿಗೆ ಕಿತ್ತೆ, ಹೆದರಿ ಚುಕ್ಕಿ ಇಟ್ಟೆ. ಮಾತು ಕೊಟ್ಟೇನಿ, ಇನ್ನ ಕುಂಚ ಕೇಳೂದಿಲ್ಲ."

ಹೇಳಿ ಮುಗಿಸುವಷ್ಟರಲ್ಲಿ ಅವಳ ಕಣ್ಣಲ್ಲಿ ನೀರು ತುಂಬಿತ್ತು. ಗುರು ಹಸಿ ಪಂಚೆ ಹಿಂಡಿದ. ಮೊಣಕಾಲಿಗೆ ಹತ್ತಿದ್ದ ಮಣ್ಣು ಒರೆಸಿಕೊಂಡ. ಅವನ ಉಸಿರು ಇನ್ನೂ ಇಳಿದಿರಲಿಲ್ಲ.

ಆಮೇಲೆ ಅವಳ ಕೈಯನ್ನು ಹಿಂದಿನಿಂದ ಎಳೆದು ಮುಂದೆ ತಂದ. ಕುಂಚವನ್ನು ಬೆರಳುಗಳ ನಡುವೆ ಇಟ್ಟು ಮುಷ್ಟಿ ಮುಚ್ಚಿಸಿದ.

"ಕಣ್ಣು ಅಲ್ಲಾಡಲಿಲ್ಲ, ಖರೆ. ಕುಂತಲ್ಲೇ ಕೊರಡಾಗಿದ್ದ ಈ ಮುದುಕನ್ನ ಮನಿ ತುಂಬ ಅಲ್ಲಾಡಿಸಿಬಿಡ್ತಲ್ಲವಾ."