ಪೆಟ್ಟಿಗೆಗೆ ಹೂಂಗುಟ್ಟಿದವಳು

"ಅಯ್ಯನವರೇ, ಒಂದೇ ತಿಂಗಳಲ್ಲಿ ಹದಿನಾಲ್ಕು ಹಳ್ಳಿ! ನಲವತ್ತು ಪಾಠವನ್ನೂ ಅವರವರ ಮಾತಿನಲ್ಲೇ ಕೇಳಿಸಿ ಬಂದೆ! ಇನ್ನು ಆ ಹಳ್ಳಿಗಳಿಗೆ ದೇವರ ವಾಕ್ಯ ಮುಟ್ಟಿತು ಅನ್ನಬಹುದಲ್ಲವೇ?"

ಶಿಷ್ಯ ದೇವದಾನ ಚಪ್ಪಲಿಯನ್ನೂ ಬಿಡದೆ ಒಳಗೆ ನುಗ್ಗಿ ಹೀಗೆ ಕೇಳಿದ. ಅವನ ಬಗಲಲ್ಲಿ ಮಾತಾಡುವ ಪೆಟ್ಟಿಗೆ ಇತ್ತು. ದೇವರ ವಾಕ್ಯವನ್ನು ಹಳ್ಳಿಯವರ ಆಡುಮಾತಿನಲ್ಲಿ ಓದಿಸಿ, ರೆಕಾರ್ಡು ಮಾಡಿ, ಅದರಲ್ಲಿ ತುಂಬಿದ್ದರು. ಗುಂಡಿ ಒತ್ತಿದರೆ ಮಾತಾಡುತ್ತದೆ, ಇನ್ನೊಮ್ಮೆ ಒತ್ತಿದರೆ ನಿಲ್ಲುತ್ತದೆ.

"ಭಪ್ಪರೇ! ಹದಿನಾಲ್ಕು ಹಳ್ಳಿಯೇ!" ಎಂದರು ಅಯ್ಯನವರು. "ಮೊದಲು ಚಪ್ಪಲಿ ಬಿಡು ಮಾರಾಯ, ನೀರು ಕುಡಿ. ನನಗೂ ಒಂದು ಹಳ್ಳಿಯ ಕತೆ ಗೊತ್ತು. ಒಂದೇ ಹಳ್ಳಿ. ಕೇಳು."

ಅಯ್ಯನವರು ಹೇಳಿದರು:

ಒಬ್ಬ ಬೋಧಕ ಇಂಥದ್ದೇ ಪೆಟ್ಟಿಗೆ ಹೊತ್ತುಕೊಂಡು ಒಂದು ಬೆಟ್ಟದ ಹಳ್ಳಿಗೆ ಹೋದ. ಹತ್ತು ದಿನ ಇರಬೇಕು, ನಲವತ್ತು ಪಾಠ ಕೇಳಿಸಬೇಕು, ಹತ್ತನೆಯ ದಿನ ಜೀಪು ಬಂದಾಗ ಹೊರಡಬೇಕು. ಅವನಿಗೆ ಹಾಗೆ ಅಪ್ಪಣೆಯಾಗಿತ್ತು.

ಆ ಜನರ ಮಾತಿಗೆ ಲಿಪಿಯಿಲ್ಲ. ರೇಡಿಯೋ ಕೂಡ ಅವರ ಮಾತನ್ನು ಎಂದೂ ಆಡಿದ್ದಿಲ್ಲ. ಬೋಧಕ ಜಗಲಿಯ ಮೇಲೆ ಪೆಟ್ಟಿಗೆಯಿಟ್ಟು ಗುಂಡಿ ಒತ್ತಿದ್ದೇ ತಡ, ಊರಿಗೆ ಊರೇ ಓಡಿ ಬಂತು. "ಅಯ್ಯೋ, ನಮ್ಮ ಮಾತು ಕಣ್ರೋ! ಪೆಟ್ಟಿಗೆ ನಮ್ಮ ಮಾತು ಆಡ್ತಾ ಇದೆ!" ಎಂದು ಒಬ್ಬರನ್ನೊಬ್ಬರು ಕೂಗಿ ಕರೆದರು. ಒಲೆಯ ಮೇಲೆ ಎಸರಿಟ್ಟವರು ಹಾಗೇ ಬಿಟ್ಟು ಬಂದರು. ಕೆಲವರು ನಕ್ಕರು, ಕೆಲವರು ಅತ್ತೇಬಿಟ್ಟರು. ಬೋಧಕನಿಗಂತೂ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಆದರೆ ಒಂದು ತೊಡಕು ಬಂತು. ಆ ಊರಲ್ಲಿ ಯಾರು ಕತೆ ಹೇಳಿದರೂ ಎದುರಿಗೆ ಒಬ್ಬರು ಕೂತು ಹೂಂಗುಟ್ಟಬೇಕು. ಅದು ಬರೀ ಕೇಳಿಸಿತು ಎನ್ನುವ ಹೂಂ ಅಲ್ಲ. ಹತ್ತು ಜನರ ಮುಂದೆ ಹೂಂ ಅಂದರೆ ಆ ಮಾತನ್ನು ಒಪ್ಪಿದೆ, ಹಾಗೇ ನಡೆಯುತ್ತೇನೆ ಎಂದು ಭಾಷೆ ಕೊಟ್ಟಂತೆ. ಹೂಂ ಬರದಿದ್ದರೆ ಹೇಳುವವನು ಅಲ್ಲಿಗೇ ನಿಲ್ಲಿಸಬೇಕು. ಈ ಕೆಲಸಕ್ಕೆ ಊರವರು ಕೇತಮ್ಮ ಎಂಬ ಹೆಂಗಸನ್ನು ಕೂರಿಸುತ್ತಿದ್ದರು. ಅವಳು ಸುಳ್ಳಾಡಿದ್ದನ್ನು ಕಂಡವರೇ ಇಲ್ಲ.

ಅವಳನ್ನೇ ತಂದು ಪೆಟ್ಟಿಗೆಯ ಎದುರು ಕೂರಿಸಿದರು. ಪೆಟ್ಟಿಗೆಗೆ ಇದೆಲ್ಲ ಏನು ಗೊತ್ತು? ಅದು ತನ್ನ ಪಾಡಿಗೆ ಹೇಳುತ್ತಲೇ ಹೋಯಿತು. ಕೇತಮ್ಮ ಪೆಟ್ಟಿಗೆಗೇ ಗದರಿದಳು: "ಎಂಥ ಮರ್ಯಾದೆ ಕಲಿತವನಪ್ಪಾ ನೀನು! ಹೂಂ ಅನ್ನೋಕೂ ಬಿಡಲ್ವಲ್ಲ!"

ಬೋಧಕ ನಕ್ಕು, ಒಂದೊಂದು ಮಾತಿಗೂ ಗುಂಡಿ ಒತ್ತಿ ನಿಲ್ಲಿಸತೊಡಗಿದ. ಪೆಟ್ಟಿಗೆಯದು ಒಂದು ಮಾತು, ಕೇತಮ್ಮನದು ಒಂದು ಹೂಂ. ದಿನಕ್ಕೆ ನಾಲ್ಕು ಪಾಠ ಆಗಬೇಕಾದಲ್ಲಿ ಒಂದು ಆದರೆ ಪುಣ್ಯ. ಆದರೂ ಜನ ಕಿಕ್ಕಿರಿದು ಬರುತ್ತಿದ್ದರು.

ಆರನೆಯ ದಿನ ಆರನೆಯ ಪಾಠ. ನಮಗೆ ಕೇಡು ಮಾಡಿದವರನ್ನು ಮನಸಾರೆ ಕ್ಷಮಿಸಬೇಕು ಎಂಬ ಮಾತು ಅಲ್ಲಿ ಬರುತ್ತದೆ. ಪೆಟ್ಟಿಗೆ ಅದನ್ನು ಹೇಳಿತು. ಬೋಧಕ ಗುಂಡಿ ಒತ್ತಿ ಕಾದ. ಹೂಂ ಬರಲಿಲ್ಲ.

"ಕೇಳಿಸಲಿಲ್ಲವೇನಮ್ಮಾ?"

"ಕೇಳಿಸ್ತು ಸ್ವಾಮಿ. ಅದಕ್ಕೇ ಸುಮ್ಮನಿದ್ದೀನಿ."

ಕೂತಿದ್ದವರೆಲ್ಲ ತಲೆ ತಗ್ಗಿಸಿದರು. ಊರಿಗೆಲ್ಲ ಗೊತ್ತಿದ್ದ ವಿಷಯ ಅದು. ಹದಿನಾರು ವರ್ಷದ ಹಿಂದೆ ಕೇತಮ್ಮನ ಮಗಳಿಗೆ ಜ್ವರ ನೆತ್ತಿಗೇರಿತ್ತು. ಎದುರು ಮನೆಯ ಓರಗಿತ್ತಿ ಮಾದಮ್ಮನ ಹತ್ತಿರ ಗಾಡಿಯಿತ್ತು. ಎತ್ತು ದಣಿದಿವೆ ಎಂದು ಅವಳು ಗಾಡಿ ಕೊಡಲಿಲ್ಲ. ಆಸ್ಪತ್ರೆಗೆಂದು ಕೇತಮ್ಮ ಹೆಗಲ ಮೇಲೆ ಹೊತ್ತೊಯ್ದ ಮಗಳು ದಾರಿಯಲ್ಲೇ ತೀರಿಕೊಂಡಳು. ಮಣ್ಣು ಮಾಡಿ ಬಂದ ಕೇತಮ್ಮ, ಮಾದಮ್ಮನ ಮುಖ ಕಾಣಬಾರದೆಂದು ತನ್ನ ಮನೆಯ ಮುಂಬಾಗಿಲನ್ನು ಕಲ್ಲುಮಣ್ಣಿನಿಂದ ಮುಚ್ಚಿ, ಹಿತ್ತಿಲ ಕಡೆ ಬೇರೆ ಬಾಗಿಲು ಇಟ್ಟುಕೊಂಡಿದ್ದಳು.

ಬೋಧಕ ಗೋಗರೆದ. "ಬಾಯಿಮಾತಿಗೆ ಒಂದು ಹೂಂ ಅಂದುಬಿಡು ತಾಯಿ. ಇನ್ನೂ ಮೂವತ್ತನಾಲ್ಕು ಪಾಠ ಇದೆ!"

"ಬಾಯಿಮಾತಿಗೆ ಅನ್ನೋಕೆ ನಾನ್ಯಾಕೆ? ಒಂದು ಗಿಳಿ ತಂದು ಕೂರಿಸಿ" ಎಂದು ಕೇತಮ್ಮ ಎದ್ದು ಹೋದಳು.

ಬೋಧಕ ಮುಂದಿನ ಪಾಠ ಹಾಕಿದ. ಜನ ಬಟ್ಟೆ ಕೊಡವಿಕೊಂಡು ಎದ್ದರು. ಹೂಂ ಆಗದ ಮಾತನ್ನು ದಾಟಿ ಮುಂದಕ್ಕೆ ಕೇಳುವ ಪದ್ಧತಿಯೇ ಅವರಲ್ಲಿ ಇರಲಿಲ್ಲ. ಎರಡು ದಿನ ಪೆಟ್ಟಿಗೆ ಬಾಯಿ ಮುಚ್ಚಿಕೊಂಡು ಕೂತಿತು. ಬೋಧಕ ತಲೆ ಚಚ್ಚಿಕೊಂಡ, ಹೆಂಗಸಿನ ಹಟಕ್ಕೆ ಹಿಡಿಶಾಪ ಹಾಕಿದ. ನಾನಾಗಿದ್ದರೂ ಹಾಕುತ್ತಿದ್ದೆ ಬಿಡು.

ಕೇತಮ್ಮನನ್ನು ಯಾರೂ ಬಲವಂತ ಮಾಡಲಿಲ್ಲ. ಅವಳೇ ಇಬ್ಬಂದಿಗೆ ಸಿಕ್ಕಿದ್ದಳು. ಹೂಂ ಅಂದರೆ ಸತ್ತ ಮಗಳ ಕೈ ಬಿಟ್ಟಂತೆ ಅವಳಿಗೆ. ಅನ್ನದಿದ್ದರೆ, ಮೊದಲ ಸಲ ತಮ್ಮ ಮಾತಿನಲ್ಲಿ ಬಂದ ದೇವರ ವಾಕ್ಯ ಊರಿಗೆಲ್ಲ ಅಲ್ಲಿಗೇ ನಿಂತುಹೋಗುತ್ತದೆ. ಆ ಎರಡು ದಿನ ಅವಳು ಪಟ್ಟ ಸಂಕಟ ಯಾರಿಗೂ ಬೇಡ.

ಒಂಬತ್ತನೆಯ ದಿನ ಬೆಳಗಾಗುತ್ತಲೇ ಕೇತಮ್ಮ ಪಿಕಾಸಿ ಹಿಡಿದು ಮಾದಮ್ಮನ ಮನೆಯ ಕಡೆಗೆ ನಡೆದಳು. "ಕೊಂದೇಬಿಡ್ತಾಳೆ, ಹಿಡೀರಿ!" ಎಂದು ಊರೆಲ್ಲ ಬಿದ್ದಂಬೀಳ ಓಡಿ ಬಂತು. ಬೋಧಕನೂ ಪಂಚೆ ಎತ್ತಿಕಟ್ಟಿ ಓಡಿದ. ಕೇತಮ್ಮ ಬೀದಿಯ ನಡುವೆ ನಿಂತು, ಹಿಂದಕ್ಕೆ ತಿರುಗಿ, ತನ್ನ ಮನೆಯ ಮುಚ್ಚಿದ ಬಾಗಿಲಿಗೇ ಪಿಕಾಸಿ ಹಾಕಿದಳು! ಕಲ್ಲು ಉರುಳಿದವು, ಮಣ್ಣು ಕುಸಿಯಿತು. ಬಾಗಿಲು ತೆರೆದ ಮೇಲೆ ಅವಳು ಏದುಸಿರು ಬಿಡುತ್ತ ಎದುರು ಮನೆಯ ಕಡೆ ನೋಡಿದಳು. ಮಾದಮ್ಮ ಹೊಸ್ತಿಲಲ್ಲಿ ನಿಂತಿದ್ದಳು.

"ಆ ಪೆಟ್ಟಿಗೆ ನನ್ನ ಬಿಡ್ತಾ ಇಲ್ಲ ಕಣೇ" ಎಂದಳು ಕೇತಮ್ಮ. "ಒಳಗೆ ಬಾ."

"ತಪ್ಪಾಯ್ತು ಅನ್ನಬೇಕು ಅಂತ ಹದಿನಾರು ವರ್ಷದಿಂದ ಒದ್ದಾಡಿದೆ ಅಕ್ಕಾ" ಎಂದು ಮಾದಮ್ಮ ಗೋಳೋ ಎಂದು ಅಳುತ್ತ ಬೀದಿ ದಾಟಿದಳು. "ಯಾವ ಬಾಗಿಲು ತಟ್ಟಲಿ ನಾನು?"

ಇಬ್ಬರೂ ಒಟ್ಟಿಗೆ ಜಗಲಿಗೆ ಬಂದರು. ಕೇತಮ್ಮ ಪೆಟ್ಟಿಗೆಯ ಎದುರು ಕೂತು, "ಈಗ ಒತ್ತಿ ಸ್ವಾಮಿ, ಅದೇ ಮಾತು" ಎಂದಳು. ಬೋಧಕ ಗುಂಡಿ ಒತ್ತಿದ. ಪೆಟ್ಟಿಗೆ ಹೇಳಿತು. ಅವಳು ಹೂಂ ಅಂದಳು ನೋಡು! ಆಚೆ ಗುಡ್ಡದಲ್ಲಿ ದನ ಮೇಯಿಸುತ್ತಿದ್ದವರಿಗೂ ಅದು ಕೇಳಿಸಿತಂತೆ. ಜನ ಹೋ ಎಂದು ಕೂಗಿ ಕುಣಿದಾಡಿದರು. ಮರುದಿನ ಜೀಪು ಬಂದಾಗ ಏಳನೆಯ ಪಾಠ ಇನ್ನೂ ಅರ್ಧದಲ್ಲಿತ್ತು.

ಅಯ್ಯನವರು ಕತೆ ನಿಲ್ಲಿಸಿದರು. ದೇವದಾನ ಪುಲಕಿತನಾಗಿದ್ದ. ಆದರೂ ತಡೆಯಲಾರದೆ ಕೇಳಿದ: "ಬರೀ ಆರೂವರೆ ಪಾಠವೇ ಅಯ್ಯನವರೇ? ನಾನು ಆ ಆರನೆಯ ಪಾಠವನ್ನು ಹದಿನಾಲ್ಕು ಹಳ್ಳಿಯಲ್ಲೂ ತಪ್ಪದೆ ಹಾಕಿದ್ದೇನೆ!"

"ಹಾಗಾದರೆ ಹದಿನೈದನೆಯ ಸಲ ಇಲ್ಲಿ ಹಾಕು ದೇವದಾನ, ಹೂಂಗುಟ್ಟಲು ಎದುರಿಗೆ ನೀನೇ ಕೂತುಕೋ" ಎಂದರು ಅಯ್ಯನವರು.