ಹುಲಿ ಒಲ್ಲೆ ಅಂದ ಗಂಡು

ಬಾ ಕೂಸೇ, ಕಂಬಳಿ ಹೊದ್ಕೊಂಡು ಮಲಕ್ಕೋ. ರಾಜಕುಮಾರಿ ಕತೆ ಕೇಳಬೇಡ, ಇವತ್ತು ನನಗೆ ಸಿಟ್ಟು ಬಂದಿದೆ. ಬೆಳಗ್ಗೆ ಕೂಗ್ತಿತ್ತಲ್ಲ ನಮ್ಮ ಕೆಂಪು ಹುಂಜ, ಅದು ಈಗೆಲ್ಲಿದೆ ಗೊತ್ತಾ? ಜಗಲಿ ಮೇಲೆ ಕೂತಿದಾರಲ್ಲ ನಿಮ್ಮ ತಾತ, ಅವರದೂ ಅವರ ಗೆಣೆಕಾರರದೂ ಹೊಟ್ಟೇಲಿದೆ. ಯಾಕಂದ್ರೆ ಅವರು ಶಿಕಾರಿ ವಿಚಾರ ಮಾತಾಡಬೇಕಿತ್ತಂತೆ. ಹೋಗದೇ ಇರೋ ಶಿಕಾರಿ, ಹೊಡೀದೇ ಇರೋ ಹಂದಿ, ಅದಕ್ಕೆ ನನ್ನ ಹುಂಜ ಸಾರಾಯ್ತು. ಜೋರಾಗಿ ಹೇಳ್ತಿದೀನಿ ಅಂತೀಯಾ? ಹ್ಞೂಂ, ಜಗಲಿಗೂ ಕೇಳಿಸ್ಲಿ ಅಂತಲೇ ಹೇಳ್ತಿರೋದು.

ಒಂದಾನೊಂದು ಕಾಲದಲ್ಲಿ, ಅಂದ್ರೆ ಗಂಡಸರ ಕೋವಿಗಿಂತ ಬಾಯೇ ಉದ್ದ ಇದ್ದ ಕಾಲದಲ್ಲಿ, ಕಾಡಿನ ಅಂಚಲ್ಲಿ ಜವರಯ್ಯ ಅಂತ ಒಬ್ಬ ಬೇಟೆಗಾರ ಇದ್ನಂತೆ. ಅವನ ಹೆಂಡ್ತಿ ಹೆಸರು ದ್ಯಾವಿ. ಅವನ ಹತ್ರ ಅವರಪ್ಪನ ಕಾಲದ ಕೋವಿ ಒಂದಿತ್ತಂತೆ. ಅದರಲ್ಲಿ ಮೊಲ ಹೊಡೀತಿದ್ದ, ಕೌಜುಗ ಹೊಡೀತಿದ್ದ, ಇಬ್ಬರ ಹೊಟ್ಟೆಗೆ ಅದು ಬೇಕಾದಷ್ಟಾಗ್ತಿತ್ತು. ಆದ್ರೆ ಅವನಿಗೆ ಮೊಲ ಅಂದ್ರೆ ನಾಚಿಕೆ. ಮೊಲದ ಸಾರು ಕಲಸ್ಕೊಂಡು ತಿಂತಾನೇ, ಇದೂ ಒಂದು ಬೇಟೆಯಾ, ನಾನು ಹೊಡೆದ್ರೆ ಕಡವೆ ಹೊಡೀತೀನಿ, ಕಾಟಿ ಹೊಡೀತೀನಿ, ಕೊನೇಗೆ ಹುಲಿ ಹೊಡೀತೀನಿ ಅಂತಿದ್ನಂತೆ. ದ್ಯಾವಿ, ಮೊದಲು ತಟ್ಟೆಯಲ್ಲಿರೋದು ತಿನ್ನು ಅಂತಿದ್ಲಂತೆ.

ಹುಲೀನೇ ಯಾಕೆ ಅಂದ್ರೆ, ಆ ಸೀಮೇಲಿ ಒಂದು ಪದ್ಧತಿ ಇತ್ತಂತೆ. ಹುಲಿ ಹೊಡೆದೋನಿಗೂ ಆ ಸತ್ತ ಹುಲಿಗೂ ಮದುವೆ ಮಾಡ್ತಿದ್ರಂತೆ. ನಗಬೇಡ, ಕೇಳು. ಚಪ್ಪರ ಹಾಕಿ, ಅವನಿಗೆ ರೇಷ್ಮೆ ರುಮಾಲು ಸುತ್ತಿ ಮಣೆ ಮೇಲೆ ಕೂರಿಸಿ, ಪಕ್ಕದಲ್ಲಿ ಹಸಿ ಬಿದಿರಿಗೆ ಹುಲಿ ಕಟ್ಟಿ, ನಾಡಿನೋರೆಲ್ಲ ಬಂದು ಇಬ್ಬರ ಮೇಲೂ ಅಕ್ಷತೆ ಹಾಕೋರಂತೆ. ಅಕ್ಕಿ, ಉಪ್ಪು, ತೆಂಗಿನಕಾಯಿ ಮುಯ್ಯಿ ತರೋರಂತೆ. ಅವತ್ತಿಂದ ಅವನು ದಾರೀಲಿ ಬಂದ್ರೆ ಕೂತೋರೆಲ್ಲ ಎದ್ದು ನಿಲ್ಲಬೇಕಂತೆ. ಆ ಎದ್ದು ನಿಲ್ಲೋದು ಇದೆ ನೋಡು, ಜವರಯ್ಯನ ತಲೆ ಕೆಡಿಸಿದ್ದು ಅದೇ.

ಆಮೇಲೆ ಏನಾಯ್ತು, ಮೊದಲನೇ ದೊಡ್ಡ ಬೇಟೆ ಕಡವೇದು. ಕಡವೆಗೆ ಉಪ್ಪಿನ ಆಸೆ ಅಲ್ವಾ, ಅದಕ್ಕೆ ಇವನು ಮನೇಲಿದ್ದ ಉಪ್ಪಿನ ಮಡಕೇನೇ ಹೊತ್ಕೊಂಡು ಹೋಗಿ ಕಾಡಲ್ಲಿ ಸುರಿದು ಪೊದೆ ಹಿಂದೆ ಕೂತ್ನಂತೆ. ಕೂತೋನು ಸುಮ್ಮನೆ ಕೂತ್ನಾ? ಕಡವೆ ಕೊಂಬನ್ನ ಬಾಗಿಲ ಮೇಲೆ ತೂಗುಹಾಕ್ಲಾ, ನಡುಮನೇಲಿ ತೂಗುಹಾಕ್ಲಾ ಅಂತ ಯೋಚನೆ ಮಾಡ್ತಾ ಮಾಡ್ತಾ ನಿದ್ದೆ ಹೋದ್ನಂತೆ. ಕಡವೆಗಳ ಹಿಂಡೇ ಬಂತಂತೆ, ಇರೋ ಉಪ್ಪೆಲ್ಲ ನೆಕ್ಕಿ ಹೋಯ್ತಂತೆ. ಮನೇಲಿ ಸಪ್ಪೆ ಸಾರು. ಅದನ್ನ ಉಣ್ಣುವಾಗ ಅವನು, ಸ್ವಲ್ಪದರಲ್ಲಿ ತಪ್ಪಿಸ್ಕೊಂಡ್ತು ಕಣೆ ಅಂದ್ನಂತೆ. ದ್ಯಾವಿ ಅದಕ್ಕೂ ಇನ್ನೊಂದು ಸೌಟು ಬಡಿಸಿದ್ಲು. ನಾನಾಗಿದ್ರೆ ಬಡಿಸ್ತಿರಲಿಲ್ಲ.

ಆಮೇಲೆ ಎರಡನೇದು ಕಾಟಿ ಬೇಟೆ, ಕಾಟಿ ಅಂದ್ರೆ ಕಾಡುಕೋಣ. ಕಾಡು ಸೋವೋಕೆ, ಅಂದ್ರೆ ಗದ್ದಲ ಮಾಡಿ ಮೃಗ ಎಬ್ಬಿಸೋಕೆ, ಜನ ಬೇಕು, ಜನಕ್ಕೆ ಊಟ ಹಾಕಬೇಕು ಅಂತ ಮನೇಲಿದ್ದ ರಾಗಿಯೆಲ್ಲ ಬೀಸಿಸಿದ್ನಂತೆ. ಬೀಸಿದ್ದು ಯಾರು? ದ್ಯಾವಿ. ಮುದ್ದೆ ಕಟ್ಟಿದ್ದು ಯಾರು? ಅವಳೇ. ತಿಂದೋರು ತಮಟೆ ಬಡ್ಕೊಂಡು ಕಾಟೀನ ಓಡಿಸ್ಕೊಂಡು ಬಂದ್ರಂತೆ. ಅಷ್ಟು ಹೊತ್ತಿಗೆ ಜವರಯ್ಯ ಮರದ ತುದೀಲಿ. ಕಾಟಿ ಬಂದು ಆ ಮರಕ್ಕೇ ಬೆನ್ನು ಉಜ್ಜಿತಂತೆ, ಮರ ಅಲ್ಲಾಡಿತಂತೆ, ಕೋವಿ ಧೊಪ್ಪಂತ ಕೆಳಗೆ ಬಿತ್ತಂತೆ. ಕಾಟಿ ಅದನ್ನ ಮೂಸಿ ನೋಡಿ ಹೊರಟುಹೋಯ್ತಂತೆ. ಮನೇಗೆ ಬಂದೋನು, ಅದರ ಉಸಿರು ನನ್ನ ಕಾಲಿಗೆ ತಾಗಿತು ಕಣೆ, ಅಷ್ಟು ಹತ್ರ ಅಂದ್ನಂತೆ. ಅವತ್ತು ದ್ಯಾವಿ ಗಂಜಿ ನೀರು ಕುಡಿದು ಮಲಗಿದ್ಲು.

ಮನೇಲಿ ಇನ್ನೇನು ಉಳೀತು? ಒಂದು ಕರು. ಕೆಂದಿ ಅಂತ ಅದರ ಹೆಸರು. ದ್ಯಾವಿ ಮದುವೇಲಿ ಅವರವ್ವ ಬಳುವಳಿ ಅಂತ ಕೊಟ್ಟ ಹಸು ಈ ಕರೂನ ಈದು ಸತ್ತುಹೋಗಿತ್ತಂತೆ. ದ್ಯಾವಿ ತನ್ನ ಬೆರಳನ್ನ ಹಾಲಲ್ಲಿ ಅದ್ದಿ ಅದ್ದಿ ಚೀಪಿಸಿ ಸಾಕಿದ್ಲು. ಅವಳು ಹಿತ್ತಿಲಿಗೆ ಹೋದ್ರೆ ಹಿತ್ತಿಲಿಗೆ, ಹೊಳೇಗೆ ಹೋದ್ರೆ ಹೊಳೇಗೆ, ಹಿಂದೇನೇ ಬರೋದಂತೆ. ಅವ್ವನ ಮನೇದು ಅಂತ ಅವಳಿಗೆ ಉಳಿದಿದ್ದು ಅದೊಂದೇ.

ಆಮೇಲೆ ಜವರಯ್ಯ ಹೇಳಿದ್ನಂತೆ, ಹುಲಿ ಬರಬೇಕಾದ್ರೆ ಮರದ ಮೇಲೆ ಕಟ್ಟಿದ ಅಟ್ಟಣೆ ಕೆಳಗೆ ಕರು ಕಟ್ಟಬೇಕು, ಕೆಂದೀನ ಕೊಡು. ದ್ಯಾವಿ, ನನ್ನ ಹೆಣ ಬಿದ್ದ ಮೇಲೆ ತಗೊಂಡು ಹೋಗು ಅಂದ್ಲಂತೆ. ಅವನು, ಇಲ್ಲ ಅನ್ನೋಕಾಗಲ್ಲ ಕಣೆ, ನಾಡಿಗೆಲ್ಲ ಮದುವೆ ವೀಳ್ಯ ಕೊಟ್ಟುಬಿಟ್ಟಿದೀನಿ ಅಂದ್ನಂತೆ. ಕೇಳ್ದಾ? ಹುಲಿ ಇನ್ನೂ ಕಾಡಲ್ಲಿ ಓಡಾಡ್ಕೊಂಡಿದೆ, ಇವನು ಮದುವೆಗೆ ಕರೆದಾಯ್ತು. ಚಪ್ಪರಾನೂ ಹಾಕಿಸಾಯ್ತು. ಆ ನಾಡಲ್ಲಿ ವೀಳ್ಯ ಕೊಟ್ಟ ಮೇಲೆ ಮದುವೆ ನಿಲ್ಲಿಸೋ ಹಾಗಿಲ್ವಂತೆ. ದ್ಯಾವಿ ಆಗಲ್ಲ ಅಂದ್ರೆ ಆಗಲ್ಲ ಅಂದ್ಲು. ಅವನು ಹೂಂ ಅಂದು, ಅವಳು ನೀರಿಗೆ ಹೋಗೋದನ್ನೇ ಕಾದು, ಕಳ್ಳ, ಕರು ಹಿಡ್ಕೊಂಡು ಹೋದ್ನಂತೆ.

ಬಂದು ನೋಡಿದ್ರೆ ಬರೀ ಗೂಟ. ದ್ಯಾವಿ ಕೊಡ ಅಲ್ಲೇ ಬಿಸಾಕಿ ಓಡಿದ್ಲಂತೆ. ಮುಳ್ಳು ಅನ್ನಲಿಲ್ಲ, ಕಲ್ಲು ಅನ್ನಲಿಲ್ಲ. ಕರು ಅಂಬಾ ಅನ್ನೋದು ಕೇಳಿಸ್ತಂತೆ. ಹೊತ್ತು ಮುಳುಗ್ತಾ ಇತ್ತು, ಅಟ್ಟಣೆ ಮೇಲೆ ಜವರಯ್ಯ, ಕೆಳಗೆ ಕೆಂದಿ ನಡುಗ್ತಾ ನಿಂತಿತ್ತು. ದ್ಯಾವಿ ಹೋಗಿ ಅದರ ಕೊರಳು ತಬ್ಕೊಂಡು ಕೂತ್ಲಂತೆ. ಮೇಲಿಂದ ಅವನು, ಏಳೇ, ಹುಲಿ ಬರೋ ಹೊತ್ತು ಅಂತ ಪಿಸುಗುಟ್ಟಿದ್ನಂತೆ. ಬರಲಿ, ನನ್ನ ಸವತಿ ಮುಖ ನಾನೂ ನೋಡಬೇಕು ಅಂದ್ಲಂತೆ.

ಬಂತಂತೆ. ಹೆಣ್ಣುಹುಲಿ. ದೊಡ್ಡದು. ಹೆದರಬೇಡ, ನನ್ನ ಕೈ ಹಿಡ್ಕೋ. ದ್ಯಾವಿಗೆ ಹೆದರಿಕೆ ಆಗ್ಲಿಲ್ವಂತೆ. ಮೈಯೆಲ್ಲ ಸಿಟ್ಟೇ ತುಂಬಿರುವಾಗ ಹೆದರಿಕೆಗೆ ಜಾಗ ಎಲ್ಲಿ? ಎದ್ದು ನಿಂತು ಹೇಳಿದ್ಲಂತೆ, ತಂಗಿ, ಬಂದ್ಯಾ, ನಾನು ಮೊದಲನೇ ಹೆಂಡ್ತಿ. ಅಗೋ ಮೇಲೆ ಕೂತಿದಾನಲ್ಲ, ಅವನೇ ನಿನ್ನ ಗಂಡು. ನಾಡಿಗೆಲ್ಲ ವೀಳ್ಯ ಕೊಟ್ಟು ಬಂದಿದಾನೆ. ನನ್ನದೇನೂ ಅಡ್ಡಿ ಇಲ್ಲ, ಕರ್ಕೊಂಡು ಹೋಗು. ಆದ್ರೆ ಈ ಕರು ನನ್ನ ತವರಿನದು. ತವರಿನ ಬಳುವಳಿ ಮೇಲೆ ಗಂಡನಿಗೂ ಹಕ್ಕಿಲ್ಲ, ಸವತಿಗೂ ಹಕ್ಕಿಲ್ಲ. ಇದನ್ನ ಮುಟ್ಟಬೇಡ.

ಹುಲಿ ಕತ್ತೆತ್ತಿ ನೋಡಿತಂತೆ. ಜವರಯ್ಯನ ಕೈಯಿಂದ ಕೋವಿ ಜಾರಿ ಬಿತ್ತಂತೆ. ಆಗ ಹುಲಿ, ಹೌದೇನಯ್ಯಾ, ನನ್ನ ಮದುವೇನಾ, ನನಗೇ ಗೊತ್ತಿಲ್ಲದೆ? ಹೆಣ್ಣು ನೋಡೋಕೆ ಬರಲಿಲ್ಲ, ಒಪ್ಪಿಗೇನಾ ಅಂತ ಕೇಳಲಿಲ್ಲ, ವೀಳ್ಯ ಹಂಚಿಬಿಟ್ಯಾ? ಆಗಲಿ. ವೀಳ್ಯ ಕೊಟ್ಟ ಮೇಲೆ ಮಾತು ಮಾತೇ. ನಾನು ಬಂದ್ರೆ ನಿನ್ನ ಮನೇಲಿ ಉಪ್ಪಿದ್ಯಾ ಅಂತು. ಅವನು, ಕಡವೆ ನೆಕ್ಕಿಬಿಡ್ತು ಅಂದ. ಹಿಟ್ಟಿದ್ಯಾ ಅಂತು. ಕಾಡು ಸೋವೋರು ತಿಂದ್ರು ಅಂದ. ಹಟ್ಟೀಲಿ ದನ ಇದ್ಯಾ ಅಂತು. ಅವನು ಕೆಂದೀನ ನೋಡ್ದ, ದ್ಯಾವೀನ ನೋಡ್ದ, ಇಲ್ಲ ಅಂದ.

ಹುಲಿ ದ್ಯಾವಿ ಕಡೆ ತಿರುಗಿ, ಅಕ್ಕಾ, ಉಪ್ಪಿಲ್ಲದ, ಹಿಟ್ಟಿಲ್ಲದ, ಹೆಂಡ್ತಿ ಕರು ಕದಿಯೋ ಈ ಗಂಡು ನನಗೆ ಬೇಡ, ಒಲ್ಲೆ. ನೀನು ಹೇಗೆ ತಡ್ಕೊಂಡೆಯೋ ಅಂತ ಹೇಳಿ, ಕೋವೀನ ಕಚ್ಚಿ ಮುರಿದು, ಉಗಿದು, ಹೊರಟುಹೋಯ್ತಂತೆ.

ಆಮೇಲೆ ಊರಿಗೆ ಬಂದ್ರೆ ಚಪ್ಪರದ ತುಂಬ ಜನ. ಎಲ್ಲಪ್ಪಾ ಹುಲಿ ಅಂತ ಕೇಳಿದ್ರಂತೆ. ಜವರಯ್ಯ ಬಾಯಿ ತೆರೆಯೋಕೆ ಮುಂಚೆ ದ್ಯಾವಿ, ಹೆಣ್ಣು ಗಂಡನ್ನ ಒಲ್ಲೆ ಅಂತು ಅಂದ್ಲಂತೆ. ಜನ ನಕ್ಕಿದ್ದಕ್ಕೆ ಚಪ್ಪರದ ಗರಿ ಉದುರಿದ್ವಂತೆ. ತಂದ ಮುಯ್ಯಿ ವಾಪಸ್ ಒಯ್ಯೋ ಹಾಗಿಲ್ವಲ್ಲ, ದ್ಯಾವಿ ಮಣೆ ಪಕ್ಕ ಕೆಂದೀನ ನಿಲ್ಲಿಸಿ ಅಕ್ಷತೆ ಅದಕ್ಕೇ ಹಾಕಿಸಿದ್ಲಂತೆ. ಮನೇಲಿ ಮತ್ತೆ ಉಪ್ಪಿನ ಮಡಕೆ ತುಂಬಿತು, ಅಕ್ಕಿ ಬಂತು. ಕೆಂದಿ ಬೆಳೆದು ಹಸು ಆಯ್ತು, ಮನೆ ತುಂಬ ಹಾಲಾಯ್ತು. ಅದಕ್ಕೆ ದಿನಾ ಹುಲ್ಲು ಕೊಯ್ದು ತರೋ ಕೆಲಸ ಜವರಯ್ಯಂದು. ಅವನು ಹೊರೆ ಹೊತ್ಕೊಂಡು ಬರುವಾಗ ಜಗಲಿ ಮೇಲೆ ಕೂತೋರೆಲ್ಲ ಎದ್ದು ನಿಲ್ತಿದ್ರಂತೆ, ಅಗೋ, ಹುಲಿ ಒಲ್ಲೆ ಅಂದ ಗಂಡು ಬಂದ ಅಂತ.

ಅಲ್ಲಿಗೆ ಕತೆ ಮುಗೀತು ಮಗಾ, ನನ್ನ ಸಿಟ್ಟು ಮುಗೀಲಿಲ್ಲ. ಹೋಗಿ ನಿಮ್ಮ ತಾತನಿಗೆ ಹೇಳಿ ಬಂದು ಮಲಕ್ಕೋ. ಹುಂಜ ಹೋಯ್ತು, ಹೋಗಲಿ. ನಾಳೆ ಶಿಕಾರಿ ಮಾತಿಗೆ ಅಂತ ನನ್ನ ಮೇಕೆ ಮರಿ ಮೇಲೆ ಕಣ್ಣು ಹಾಕಿದ್ರೆ, ಹುಲಿ ಹುಡುಕ್ಕೊಂಡು ಕಾಡಿಗೆ ಹೋಗೋದು ಬೇಡ, ಈ ಮನೆ ಒಳಗೇ ಇದೆ ಅನ್ನು.